‘ಬಲೆ’ ಎಂಬ ಕರೆ

ನಾನು ಶಾಲೆ ಬಿಟ್ಟದ್ದು ೧೯೫೩ರಲ್ಲಿ. ಏಳನೆಯ ತರಗತಿಯ ಪುಸ್ತಕ ಕೊಂಡಾಗಿತ್ತು, ಓದುವುದಕ್ಕೆ ಆಗಲಿಲ್ಲ. ಆ ವರ್ಷವೇ ಬಿ.ಸಿ.ರೋಡಿನ ಉಸ್ಮಾನ್ ಬ್ಯಾರಿಗಳ ಮಂಗಗಳ ಕೊಟ್ಟಿಗೆಗೆ ಕೆಲಸಕ್ಕೆ ಸೇರಿದೆ. ಇದನ್ನು ದುಃಖದಿಂದ ಬರೆಯುತ್ತಿಲ್ಲ. ನನ್ನ ಜೊತೆ ಓದಿದವರಲ್ಲಿ ಮಾಸ್ತರರಾದವರಿದ್ದಾರೆ, ಪೋಸ್ಟಾಫೀಸಿನಲ್ಲಿ ಕುಳಿತವರಿದ್ದಾರೆ. ಸಿಂಗಳೀಕವೊಂದು ತಾನಾಗಿ ಬಂದು ಅಂಗೈಯಿಂದ ಹಣ್ಣು ತೆಗೆದುಕೊಂಡು ಹೋದದ್ದನ್ನು ಕಂಡವನು ನಾನೊಬ್ಬನೇ.

ಪ್ರಾಣಿಗಳ ಆರೈಕೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. “ಅಜ್ಜ, ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ದದ್ದು?” ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಬಸ್ಸು ಹತ್ತುವಾಗ ಅರ್ಧ ಉದುರಿ ಹೋಗಿರುತ್ತದೆ. ಅದಕ್ಕೇ ಬರೆಯಲು ಕುಳಿತೆ.

ಬ್ಯಾರಿಗಳ ವ್ಯಾಪಾರ ಮಂಗಗಳದ್ದು. ಕನ್ಯಾನದಿಂದ ಚಾರ್ಮಾಡಿಯ ತನಕ ಮಂಗ ಹಿಡಿಯುವವರು ಬಿದಿರಿನ ಬುಟ್ಟಿಗಳಲ್ಲಿ ತುಂಬಿಸಿ ತರುತ್ತಿದ್ದರು. ನಮ್ಮ ತೋಟಗಳಿಗೆ ಬಂದು ಎಳನೀರು ಕೆಡವುವ ಸಾಮಾನ್ಯ ಮಂಗಗಳು. ಕೆಲವು ವಾರ ನಾವು ಸಾಕಿ, ಗಾಯ ಗುಣಪಡಿಸಿ, ಮಂಗಳೂರಿಗೆ ಕಳುಹಿಸುತ್ತಿದ್ದೆವು. ಅಲ್ಲಿಂದ ರೈಲು, ಆಮೇಲೆ ಪರದೇಶ. ಮಕ್ಕಳ ಕಾಲು ಸೋಲುವ ಕಾಯಿಲೆಗೆ ಅಲ್ಲಿ ಮದ್ದು ಮಾಡುತ್ತಾರೆಂದು ನಮಗೆ ಹೇಳಿದ್ದರು. ಅದಕ್ಕಿಂತ ಹೆಚ್ಚಿಗೆ ನಾವು ಕೇಳಲಿಲ್ಲ.

ಮೊದಲ ದಿನವೇ ನಾನು ಒಂದು ಗಂಡುಮಂಗದ ಎದುರು ನಿಂತು ಸ್ನೇಹದಿಂದ ನಕ್ಕೆ. ಅದು ಸರಳಿನ ಸಂದಿನಿಂದ ಕೈಯೆಳೆದು ನನ್ನ ಎಡಗೈಯ ಹೆಬ್ಬೆರಳು ಕಚ್ಚಿತು. ಅರ್ಧ ಉಗುರು ಹೋಯಿತು. ಬ್ಯಾರಿಗಳು ಅರಸಿನ ಹಚ್ಚಿ ಬಟ್ಟೆ ಕಟ್ಟುತ್ತಾ ಹೇಳಿದರು:

“ನೀನು ಹಲ್ಲು ತೋರಿಸಿದೆ. ನಿನಗೆ ಅದು ನಗು. ಅದಕ್ಕೆ ಅದು ಜಗಳ.”

“ಮತ್ತೆ ಪ್ರೀತಿ ತೋರಿಸುವುದು ಹೇಗೆ ಸಾಹುಕಾರ್ರೆ?”

“ಊಟ ಹೊತ್ತಿಗೆ ಸರಿಯಾಗಿ ಕೊಡು. ಅದಕ್ಕಿಂತ ದೊಡ್ಡ ಪ್ರೀತಿ ನನ್ನ ಹೆಂಡತಿಯೂ ನನಗೆ ತೋರಿಸಲಿಲ್ಲ ಮಾರಾಯ.”

ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಕೆಮ್ಮು ಇರುವವನು ಒಳಗೆ ಬರಬಾರದು, ಒಂದೇ ಊರಿನವುಗಳನ್ನು ಬೇರೆ ಮಾಡಬಾರದು, ಬೇರೆ ಊರಿನವುಗಳನ್ನು ಸೇರಿಸಬಾರದು. ಎಲ್ಲ ಅವರು ಕಲಿಸಿದ್ದು. ನಾನಾಗಿ ಕಲಿತದ್ದೂ ಉಂಟು. ಒಂದು ಸಲ ಮೆತ್ತನೆ ತೊಳೆಯ ಬೆಳಿವೆ ಹಲಸಿನ ಹಣ್ಣು ರಾಶಿ ಸಿಕ್ಕಿತೆಂದು ಎಲ್ಲ ಬೋನುಗಳಿಗೂ ಹಂಚಿದೆ. ಮರುದಿನ ಇಡೀ ಕೊಟ್ಟಿಗೆಗೆ ಭೇದಿ. ಗಂಜಿಯ ತಿಳಿಗೆ ಉಪ್ಪು ಹಾಕಿ, ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸಿ ಸುಧಾರಿಸಿದೆವು. ತೊಳೆದದ್ದು ನಾನೇ. ಬ್ಯಾರಿಗಳು ಮೂಗಿಗೆ ಶಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು, “ಧರ್ಮ ಮಾಡುವಾಗ ಸ್ವಲ್ಪ ಕೈಬಿಗಿ ಮಾಡು” ಎಂದರು.

ಅವರದ್ದು ಇನ್ನೊಂದು ಪದ್ಧತಿ ಇತ್ತು. ಮಂಗಗಳನ್ನು ಊಟಕ್ಕೆ ಕರೆಯುವಾಗ ಬಹುವಚನ. ನಮ್ಮ ಕಡೆ ಮನೆಮಾತು ತುಳು. ತುಳುವಿನಲ್ಲಿ ‘ಬಲ’ ಅಂದರೆ ಬಾ, ‘ಬಲೆ’ ಅಂದರೆ ಬನ್ನಿ. ನಾಯಿಗೆ, ಬೆಕ್ಕಿಗೆ, ಚಿಕ್ಕವರಿಗೆ ‘ಬಲ’. ಬ್ಯಾರಿಗಳ ಕೊಟ್ಟಿಗೆಯಲ್ಲಿ ಮಂಗಗಳಿಗೆ ಮಾತ್ರ ‘ಬಲೆ ಬಲೆ’. ಕಾರಣ ಕೇಳಿದ್ದಕ್ಕೆ, “ನಿಮ್ಮ ಹನುಮಂತನ ಕಡೆಯವರಲ್ಲವಾ? ನಾಳೆ ನಿಮ್ಮವರು ಯಾರಾದರೂ ಜಗಳಕ್ಕೆ ಬಂದರೆ, ಈ ಬ್ಯಾರಿ ಮರ್ಯಾದೆ ತಪ್ಪಲಿಲ್ಲ ಅಂತ ನೀನು ಸಾಕ್ಷಿ ಹೇಳಬೇಕು” ಎಂದರು. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬಲೆ ಅಂದರೆ ಏನೆಂದು ನಿಮಗೆ ಗೊತ್ತು. ಮಂಗಗಳು ಬಲೆಯಲ್ಲಿ ಬಿದ್ದು ಬಂದು, ‘ಬಲೆ’ ಎಂದರೆ ಊಟಕ್ಕೆ ಓಡಿ ಬರುತ್ತಿದ್ದವು. ನನಗೆ ಅದು ಬಹಳ ಕಾಲ ಬರೀ ತಮಾಷೆಯಾಗಿತ್ತು.

ಮೂಡಬಿದಿರೆಯ ಪದ್ಮರಾಜ ಧಣಿಗಳು ನಮ್ಮಲ್ಲಿಗೆ ಬರತೊಡಗಿದ್ದು ಆಮೇಲೆ. ಹಳೆಯ ಜೈನ ಮನೆತನ. ಪರ್ವದ ದಿನಗಳಲ್ಲಿ ಬೋನಿನಲ್ಲಿರುವ ಜೀವವನ್ನು ಕೊಂಡು ಬಿಡುಗಡೆ ಮಾಡುವುದು ಅವರ ಮನೆಯ ಧರ್ಮ. ಕಾರಿನಲ್ಲಿ ಬರುತ್ತಿದ್ದರು, ಕೆಲವು ಮಂಗಗಳನ್ನು ಕೊಂಡು ತಮ್ಮ ಗದ್ದೆಯಾಚೆಯ ಗುಡ್ಡದಲ್ಲಿ ಬಿಡುತ್ತಿದ್ದರು. ಕಿವಿ ಹರಿದ ಒಂದು ಹೆಣ್ಣುಮಂಗ ಇತ್ತು. ಧಣಿಗಳು ಅದನ್ನು ಬಿಟ್ಟರು. ಕೆಲವು ತಿಂಗಳಲ್ಲಿ ಅದು ಮತ್ತೆ ಬುಟ್ಟಿಯಲ್ಲಿ ನಮ್ಮ ಕೊಟ್ಟಿಗೆಗೆ ಬಂತು. ಮತ್ತೆ ಬಿಟ್ಟರು, ಮತ್ತೆ ಬಂತು. ಮೂರನೆಯ ಸಲ ಧಣಿಗಳು ಅದರ ಕಿವಿಯನ್ನೇ ನೋಡುತ್ತಾ ನಿಂತರು.

“ಉಸ್ಮಾನ್, ಇದು ನಾನು ಬಿಟ್ಟದ್ದಲ್ಲವಾ?”

“ಹೌದು ಧಣಿಗಳೇ. ನಿಮ್ಮ ಗುಡ್ಡದಲ್ಲಿ ಹಿಡಿಯುವುದು ಸುಲಭ ಅಂತೆ. ಕರೆದರೆ ಬರ್ತವಂತೆ.”

“ನನಗೆ ಪುಣ್ಯ, ನಿನಗೆ ವ್ಯಾಪಾರ.”

“ಮಂಗಕ್ಕೆ ಬಸ್ ಪ್ರಯಾಣ” ಎಂದರು ಬ್ಯಾರಿಗಳು.

ಧಣಿಗಳು ಆಗ ನಗಲಿಲ್ಲ. ಕಾರಿನ ಬಾಗಿಲು ಹಾಕುವಾಗ ನಕ್ಕರು. ಅಂದಿನಿಂದ ಕೊಂಡು ಬಿಡುವುದನ್ನು ನಿಲ್ಲಿಸಿದರು. ಆದರೂ ಬರುತ್ತಿದ್ದರು, ಬೋನುಗಳ ಮುಂದೆ ನಿಂತು ನೋಡಿ ಹೋಗುತ್ತಿದ್ದರು.

ಹಾಗೆ ಅವರು ಬಂದಿದ್ದ ಒಂದು ದಿನ ಚಾರ್ಮಾಡಿಯಿಂದ ಮಂಗ ಹಿಡಿಯುವ ಬಾಬಣ್ಣ ಒಂದು ಬುಟ್ಟಿ ಹೊತ್ತು ತಂದ. ಒಳಗೆ ಕಪ್ಪು ಮೈ, ಮೋರೆಯ ಸುತ್ತ ಬೂದು ಕೂದಲಿನ ಗಡ್ಡ, ಬಾಲದ ತುದಿಯಲ್ಲಿ ಕುಚ್ಚು. ಹೆಣ್ಣು ಸಿಂಗಳೀಕ. ಬಲಗೈ ಉರುಲಿಗೆ ಸಿಕ್ಕಿ ಊದಿತ್ತು.

ಬ್ಯಾರಿಗಳು ತಲೆಗೆ ಕೈ ಹೊತ್ತರು. “ಇದನ್ನು ಯಾಕೆ ತಂದೆ? ನನಗೆ ಇದು ಬೇಡ.”

“ನೀವೇ ಹೇಳಿದ್ದು, ಕಪ್ಪು ಮಂಗ ಸಿಕ್ಕಿದರೆ ತಾ ಅಂತ.”

“ನಾನು ಹೇಳಿದ್ದು ಕಪ್ಪು ಮೋರೆಯ ಮುಸುವ ಮಾರಾಯ, ಉದ್ದ ಬಾಲದ್ದು.”

“ಕಪ್ಪು ಅಂದರೆ ಕಪ್ಪು. ಇದಕ್ಕಿಂತ ಕಪ್ಪು ನಮ್ಮ ಕಾಡಿನಲ್ಲಿ ಇಲ್ಲ” ಎಂದ ಬಾಬಣ್ಣ.

ಧಣಿಗಳು ಬುಟ್ಟಿಯ ಹತ್ತಿರ ಕುಳಿತರು. ಅವಳು ಕೈಯನ್ನು ಎದೆಗೆ ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. “ಕೈ ಗುಣವಾಗುವ ತನಕ ನನ್ನಲ್ಲಿರಲಿ” ಎಂದರು. “ಆಮೇಲೆ ಬಂದ ಕಾಡಿಗೇ ಬಿಡುವ. ಈ ಸಲ ತಿರುಗಿ ಬುಟ್ಟಿಗೆ ಬೀಳುವ ಹಾಗೆ ಅಲ್ಲ.” ನನ್ನ ಕಡೆ ತಿರುಗಿ, “ಇವನನ್ನೂ ಕೊಡು ಉಸ್ಮಾನ್.”

“ಕೊಂಡುಹೋಗಿ. ಊಟ ಮಾತ್ರ ಮಂಗಕ್ಕಿಂತ ಜಾಸ್ತಿ” ಎಂದರು ಬ್ಯಾರಿಗಳು. ನಾನು ಹೊರಡುವಾಗ ಅವರೇ ಬೋನಿಗೆ ಹಾಸಲು ಒಣಹುಲ್ಲು ಕಟ್ಟಿಕೊಟ್ಟರು.

ಹೀಗೆ ನಾನು ಮೂಡಬಿದಿರೆ ಸೇರಿದೆ. ಅವಳಿಗೆ ಕರಿಯಕ್ಕ ಎಂದು ಹೆಸರಿಟ್ಟದ್ದು ನಾನೇ. ಆ ಮನೆಯ ಕ್ರಮಗಳು ಅವಳಿಗೂ ಅನ್ವಯ. ನೀರು ಬಟ್ಟೆಯಲ್ಲಿ ಸೋಸಿಯೇ ಕೊಡಬೇಕು. ಗೆಡ್ಡೆಗೆಣಸು ಇಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಇದರಲ್ಲಿ ಯಾವುದೂ ಅವಳಿಗೆ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಹುಳುಹುಪ್ಪಟೆಯದ್ದು. ಸಿಂಗಳೀಕ ಹಣ್ಣು ತಿನ್ನುತ್ತದೆ ನಿಜ, ಆದರೆ ತೊಗಟೆಯಡಿಯ ಹುಳ, ಮಿಡತೆ, ಇರುವೆ ಇಲ್ಲದೆ ಅದರ ಮೈ ನಿಲ್ಲುವುದಿಲ್ಲ. ಮಳೆಗಾಲ ಕಳೆಯುವಾಗ ಅವಳ ಕೂದಲು ಹೊಳಪು ಬಿಟ್ಟಿತು. ಕೈಯ ಗಾಯ ಮಾಯಲಿಲ್ಲ. ಜೀವ ಉಳಿಸುವ ಮನೆಯಲ್ಲಿ ಜೀವ ತೆಗೆದು ಉಣಿಸುವುದು ಹೇಗೆ? ನಾನು ಧಣಿಗಳ ಹತ್ತಿರ ಹೋಗಿ ಹೇಳಿದೆ.

“ನೀನು ಹಿಡಿದು ಕೊಡಬಾರದು” ಎಂದರು.

“ಇಲ್ಲ.”

“ನಾನು ಕೊಡು ಅಂತ ಹೇಳಬಾರದು.”

“ನೀವು ಹೇಳುವುದು ಬೇಡ ಧಣಿಗಳೇ. ಅಂಗಳದಾಚೆಯ ಮಾವಿನ ಮರದಲ್ಲಿ ಕೆಂಪಿರುವೆಯ ಗೂಡುಂಟು. ಬೋನನ್ನು ಆ ಮರದ ಸುತ್ತ ಕಟ್ಟುವ. ಅವಳು ಮರದಲ್ಲಿರ್ತಾಳೆ. ಇರುವೆಯೂ ಮರದಲ್ಲಿರ್ತದೆ.”

“ಮರ ಯಾರದ್ದು?”

“ನಿಮ್ಮದು.”

“ಇರುವೆ?”

“ಇರುವೆ ಮರದ್ದು.”

ಅವರು ಎದ್ದು ಒಳಗೆ ಹೋದರು. ಮರುದಿನ ಕಬ್ಬಿಣದ ಕಂಬ, ತಂತಿಬಲೆ ಬಂತು. ಮರವನ್ನೇ ಒಳಗೆ ತೆಗೆದುಕೊಂಡು ಮನೆಯೆತ್ತರಕ್ಕೆ ಕಟ್ಟಿದೆವು. ಕರಿಯಕ್ಕ ಮರ ಹತ್ತಿದವಳು ಇಡೀ ದಿನ ಇಳಿಯಲಿಲ್ಲ. ಎಲೆಯ ಗೂಡು ಬಿಡಿಸಿ, ಅಂಗೈಗೆ ಇರುವೆ ಕೊಡವಿಕೊಂಡು ತಿಂದಳು. ಧಣಿಗಳು ಜಗಲಿಯಲ್ಲಿ ಆ ಕಡೆಗೆ ಬೆನ್ನು ಹಾಕಿ ಕುಳಿತಿದ್ದರು. ಮೂರು ತಿಂಗಳಲ್ಲಿ ಕೈ ಮಾಯಿತು. ಎರಡು ಬೆರಳು ಮಾತ್ರ ಒಳಕ್ಕೆ ಬಾಗಿಯೇ ನಿಂತವು. ಹುಡುಗರೇ, ತಟ್ಟೆಯಲ್ಲಿ ಊಟ ತಂದಿಡುವ ಕೆಲಸಕ್ಕೂ, ಪ್ರಾಣಿ ತನ್ನ ಊಟ ತಾನೇ ಹುಡುಕುವ ಹಾಗೆ ಜಾಗ ಮಾಡಿಕೊಡುವ ಕೆಲಸಕ್ಕೂ ಎಷ್ಟು ದೂರ ಎಂದು ನಾನು ಕಂಡದ್ದು ಆ ಮರದಡಿಯಲ್ಲಿ.

ಹಣ್ಣು ಮಾತ್ರ ನನ್ನ ಕೈಯಿಂದಲೇ. ಮರದಡಿ ನಿಂತು ‘ಬಲೆ’ ಎನ್ನುತ್ತಿದ್ದೆ. ತುತ್ತತುದಿಯಲ್ಲಿದ್ದರೂ ಇಳಿದು ಬರುತ್ತಿದ್ದಳು. ಬಾಗಿದ ಬೆರಳುಗಳ ಕೈಯನ್ನೇ ಚಾಚುತ್ತಿದ್ದಳು. ಹಣ್ಣನ್ನು ಕಸಿದುಕೊಳ್ಳುವುದಿಲ್ಲ, ಅಂಗೈಯಿಂದ ಎತ್ತಿಕೊಳ್ಳುವುದು. ಆ ಬೆರಳಿನ ತುದಿ ಅಂಗೈಗೆ ತಾಗಿದ್ದು ಇವತ್ತಿಗೂ ನನಗೆ ಗೊತ್ತಾಗುತ್ತದೆ. ಒಣಗಿದ ಚರ್ಮದ ಹಾಗೆ, ತಣ್ಣಗೆ. ನೋಡಲು ಜನ ಬರುತ್ತಿದ್ದರು, ಬೆಳ್ತಂಗಡಿಯಿಂದಲೂ ಬಂದವರಿದ್ದಾರೆ. ನಾನು ಜನ ಸೇರಿದ ಮೇಲೆಯೇ ಕರೆಯುತ್ತಿದ್ದೆ. ಆಗ ನನಗೆ ಮದುವೆಯಾಗಿತ್ತು. ಹೆಂಡತಿ ಗಿರಿಜ ಹೇಳುತ್ತಿದ್ದಳು, “ನನ್ನನ್ನು ಒಂದು ದಿನ ಹಾಗೆ ಕರೆದದ್ದುಂಟಾ ನೀವು? ಅವಳಿಗೆ ಬಲೆ. ನನಗೆ, ಎಲ್ಲಿ ಸತ್ತಿದ್ದಿ.”

“ನೀನು ಕರೆಯುವ ಮೊದಲೇ ಬರ್ತೀಯಲ್ಲ.”

“ಅದೇ ತಪ್ಪಾದದ್ದು.”

ಕೈ ಗುಣವಾಗಿ ಬಹಳ ಕಾಲವಾಗಿತ್ತು. ಬಿಡುವ ಮಾತನ್ನು ಧಣಿಗಳು ಎತ್ತಿದಾಗಲೆಲ್ಲ, ಬೆರಳಿನ ಬಲ ಇನ್ನೂ ಬರಲಿಲ್ಲ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇನ್ನೊಂದು ಬೇಸಿಗೆ ಕಳೆಯಲಿ ಎಂದು ಮನಸ್ಸು.

ಆ ಬೇಸಿಗೆಯಲ್ಲೇ ಬಾಬಣ್ಣ ಬಂದ. ಮಂಗ ಹಿಡಿಯುವುದನ್ನು ಬಿಟ್ಟು ಜೇನು ಮಾರುತ್ತಿದ್ದ. ಜೈನರು ಜೇನು ತಿನ್ನುವುದಿಲ್ಲವೆಂದು ಗೊತ್ತಿಲ್ಲದೆ ಧಣಿಗಳ ಮನೆಗೆ ಜೇನು ಹೊತ್ತು ತಂದವನು, ಕರಿಯಕ್ಕನನ್ನು ಕಂಡು ನಿಂತ. ಧಣಿಗಳು ಜಗಲಿಯಲ್ಲಿದ್ದರು, ನಾನು ಬಾವಿಕಟ್ಟೆಯಲ್ಲಿ.

“ಇದು ನಾನು ತಂದದ್ದಲ್ಲವಾ?” ಎಂದ. ಬೋನಿನ ಹತ್ತಿರ ಹೋಗಿ ಮೆಲ್ಲಗೆ, “ಬಲೆ” ಎಂದ.

ಅವಳು ಇಳಿದು ಬಂದಳು. ತಂತಿಯ ಸಂದಿನಿಂದ ಬಾಗಿದ ಬೆರಳಿನ ಕೈ ಹೊರಗೆ ಚಾಚಿದಳು. ಅದೇ ಕೈಗೆ ಉರುಲು ಹಾಕಿದವನ ಅಂಗೈಯ ಮೇಲೆ ಇಟ್ಟಳು.

ಬಾಬಣ್ಣ ಬೆಂಕಿ ತಾಗಿದ ಹಾಗೆ ಹಿಂದೆ ಸರಿದ. “ಇವಳು ನನ್ನ ಕೈಗೇ ಬಂದಳಲ್ಲ ಸಂಜೀವಣ್ಣ.”

“ನೀನು ಯಾಕೆ ಹಾಗೆ ಕರೆದೆ?” ಎಂದೆ ನಾನು.

“ನಾವು ಕಾಡಿನಲ್ಲಿ ಹೀಗೇ ಕರೆಯುವುದು. ಬಾಳೆಹಣ್ಣು ಚೆಲ್ಲಿ, ಬಲೆ ಬಲೆ ಅಂತ. ಬ್ಯಾರಿಗಳ ಕೊಟ್ಟಿಗೆಯಿಂದ ಕಲಿತದ್ದು. ನಾನು ಬಿಟ್ಟೆ. ಉಳಿದವರು ಈಗಲೂ ಹಾಗೇ ಕರೀತಾರೆ.”

ಧಣಿಗಳು ಜಗಲಿಯಿಂದ ಇಳಿದು ಬಂದರು. ಬೈಯಲಿಲ್ಲ. “ಸಂಜೀವ, ಆ ಮಾತನ್ನು ಅವಳಿಂದ ತೆಗಿ. ತೆಗೆದ ಮೇಲೆ ಬಿಡುವ” ಎಂದರು.

“ಕಲಿಸಿದ್ದನ್ನು ತೆಗೆಯುವುದು ಹೇಗೆ ಧಣಿಗಳೇ? ಹೆದರಿಸಬೇಕಾದೀತು.”

“ಹೆದರಿಸಬಾರದು. ಹೊಡೆಯಬಾರದು. ಬೇರೆ ದಾರಿ ನೋಡು. ಬಾಗಿಲು ತೆಗೆದು ನಾವು ಅವಳನ್ನು ಬಿಡಬಹುದು. ಅವಳು ನಮ್ಮನ್ನು ಬಿಡಬೇಕಲ್ಲ?”

ನನ್ನ ವೃತ್ತಿಯಲ್ಲಿ ಅದಕ್ಕಿಂತ ಕಠಿಣ ಕೆಲಸ ನಾನು ಮಾಡಲಿಲ್ಲ. ದಾರಿ ಇಷ್ಟೇ. ಹಣ್ಣನ್ನು ಕೈಯಿಂದ ಕೊಡುವುದು ನಿಂತಿತು. ಅವಳು ಕಾಣದ ಹೊತ್ತಿನಲ್ಲಿ ಕೊಂಬೆಗಳ ಸಂದಿನಲ್ಲಿ, ತೊಗಟೆಯ ಹಿಂದೆ ಅಡಗಿಸಿಡುವುದು. ಒಂದು ಮಾತೂ ಆಡಬಾರದು. ದಿನದಲ್ಲಿ ಹಲವು ಸಲ ಮರದಡಿ ಹೋಗಿ ‘ಬಲೆ’ ಎನ್ನುವುದು. ಅವಳು ಬರುತ್ತಾಳೆ. ನನ್ನ ಕೈ ಖಾಲಿ. ನಾನು ಬೆನ್ನು ತಿರುಗಿಸಿ ಹೋಗುವುದು.

ನನ್ನ ದನಿ ಮಾತ್ರ ಸಾಲದು, ಯಾರ ಬಾಯಿಂದ ಬಂದರೂ ಆ ಮಾತು ಖಾಲಿಯಾಗಬೇಕು. ಗಿರಿಜನಿಂದ ಹೇಳಿಸಿದೆ. ಅಡುಗೆಯವರಿಂದ, ಅಂಚೆಯವನಿಂದ ಹೇಳಿಸಿದೆ. ಬಾಬಣ್ಣ ನಾನು ಹೇಳದೆಯೇ ವಾರಕ್ಕೊಮ್ಮೆ ಚಾರ್ಮಾಡಿಯಿಂದ ಬಸ್ಸಿನಲ್ಲಿ ಬಂದು ಕರೆದು ಹೋಗುತ್ತಿದ್ದ. ಉಸ್ಮಾನ್ ಬ್ಯಾರಿಗಳಿಗೆ ಹೇಳಿಕಳುಹಿಸಿದೆ. ಅವರು ಬಂದರು, ಜೇಬಿನಲ್ಲಿ ಬಾಳೆಹಣ್ಣು ಇಟ್ಟುಕೊಂಡೇ ಬಂದಿದ್ದರು. ನಾನು ತೆಗೆಸಿದೆ. “ಬಲೆ ಬಲೆ” ಎಂದರು. ಅವಳು ಬಂದು ಕೈ ಚಾಚಿದಳು. ಬ್ಯಾರಿಗಳು ತಮ್ಮ ಖಾಲಿ ಅಂಗೈ ನೋಡಿಕೊಂಡು, “ಇಷ್ಟು ವರ್ಷದ ವ್ಯಾಪಾರದಲ್ಲಿ ಹೀಗೆ ಮೋಸ ಮಾಡಲಿಲ್ಲ ಸಂಜೀವ” ಎಂದರು. ಆಮೇಲೆ ಮತ್ತೆ ಬರಲಿಲ್ಲ.

ವಾರಗಟ್ಟಲೆ ಅವಳು ಬರುತ್ತಲೇ ಇದ್ದಳು. ಮೊದಲು ಓಡಿ ಬಂದು. ಆಮೇಲೆ ಅರ್ಧಕ್ಕೆ ನಿಂತು, ನೋಡಿ, ಮತ್ತೆ ಬಂದು. ಕೈ ಚಾಚಿ ಖಾಲಿ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಚಾಚಿಯೇ ಇರುತ್ತಿದ್ದಳು. ನಾನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

ಒಂದು ಬೆಳಗ್ಗೆ ನಾನು ಕರೆದಾಗ ಅವಳು ಗೂಡು ಬಿಡಿಸುತ್ತಿದ್ದಳು. ತಲೆಯೆತ್ತಿ ನನ್ನ ಕಡೆ ನೋಡಿದಳು. ಮತ್ತೆ ಇರುವೆಯ ಕಡೆ ತಿರುಗಿದಳು. ಇನ್ನೊಮ್ಮೆ ಕರೆದೆ. ತಲೆಯನ್ನೂ ಎತ್ತಲಿಲ್ಲ.

ಧಣಿಗಳು ಜಗಲಿಯಿಂದ ಕೇಳಿದರು, “ಆಯಿತಾ?”

“ಆಯಿತು ಧಣಿಗಳೇ.”

ಮನೆಯಲ್ಲಿ ಗಿರಿಜ, “ಗೆದ್ದಿರಲ್ಲ” ಎಂದಳು. ನಾನು ಗೆದ್ದವನ ಹಾಗೆ ಕುಳಿತು ಊಟ ಮಾಡಿದೆ. ಅವಳು ಕೇಳದೆಯೇ ಎರಡನೆಯ ಸಲ ಬಡಿಸಿದಳು.

ಬಾಬಣ್ಣನೇ ಚಾರ್ಮಾಡಿಯಲ್ಲಿ ಜಾಗ ತೋರಿಸಿದ. ರಸ್ತೆಯಿಂದ ಒಳಗೆ, ಸಿಂಗಳೀಕಗಳ ಹಿಂಡು ಹಣ್ಣಿಗೆ ಬರುವ ಮರಗಳ ನಡುವೆ, ದೊಡ್ಡ ಬೋನು ಇಟ್ಟೆವು. ನಾನೂ ಬಾಬಣ್ಣನೂ ಕೆಲವು ದಿನ ಅಲ್ಲೇ ಉಳಿದೆವು. ದೂರದಿಂದ ಗಂಡಿನ ಕೂಗು ಕೇಳುತ್ತಿತ್ತು. ಮೊದಲು ಕರಿಯಕ್ಕ ಮುದುಡಿಕೊಂಡಳು. ಆಮೇಲೆ ಕಿವಿಗೊಟ್ಟಳು. ಆಮೇಲೊಂದು ದಿನ ತೆಳ್ಳಗೆ, ಊದುಕೊಳವೆ ಊದಿದ ಹಾಗೆ, ‘ಕೂ’ ಎಂದಳು. ಇಷ್ಟು ವರ್ಷ ನನ್ನ ಹತ್ತಿರ ಇದ್ದವಳು ಆ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ನನ್ನಿಂದ ಉತ್ತರ ಬರುವ ದನಿ ಅದಲ್ಲ. ಕಾಡಿನಿಂದ ಉತ್ತರ ಬಂತು.

ಮರುದಿನ ಬೆಳಗ್ಗೆ ಧಣಿಗಳು ಬಂದರು. ಬಾಗಿಲು ತೆಗೆಯುವ ಹಕ್ಕು ಅವರದ್ದು. “ನೀನೇ ತೆಗಿ” ಎಂದರು.

ನಮ್ಮ ಕಡೆ ಮನೆಯಿಂದ ಹೊರಡುವವರಿಗೆ ಯಾರೂ ‘ಹೋಗು’ ಎನ್ನುವುದಿಲ್ಲ. ‘ಪೋದು ಬಲೆ’ ಎನ್ನುತ್ತೇವೆ, ಹೋಗಿ ಬನ್ನಿ ಎಂದು. ಆಸ್ಪತ್ರೆಗೆ ಹೋಗುವವರಿಗೂ, ಪೇಟೆಗೆ ಹೋಗುವವರಿಗೂ, ಗಂಡನ ಮನೆಗೆ ಹೊರಟ ಮಗಳಿಗೂ ಆ ಹೊತ್ತಿಗೆ ಬಹುವಚನದ ಅದೇ ಮಾತು. ಬರೀ ‘ಪೋಲೆ’, ಹೋಗಿ, ಎನ್ನುವುದು ಜಗಳವಾಡಿ ಮುಖ ನೋಡಲಿಕ್ಕಿಲ್ಲ ಎಂದು ತೀರ್ಮಾನಿಸಿದವರಿಗೆ. ಬಾಗಿಲು ತೆಗೆದೆ. ಅವಳು ಹೊಸ್ತಿಲ ಮೇಲೆ ಕುಳಿತು ನನ್ನ ಕೈ ನೋಡಿದಳು. ನನ್ನ ಬಾಯಿಗೆ ‘ಪೋದು’ ಎನ್ನುವ ತನಕ ಬಂದಿತ್ತು. ಮುಂದಿನ ಮಾತು ಅದೇ ಮಾತು. ಇಷ್ಟು ತಿಂಗಳು ಕಷ್ಟಪಟ್ಟು ತೆಗೆದದ್ದು.

ಧಣಿಗಳು ನನ್ನ ಭುಜ ಮುಟ್ಟಿದರು.

“ಪೋಲೆ” ಎಂದೆ.

ಅವಳು ಹೋದಳು. ಮೊದಲ ಮರವನ್ನು ಬಾಗಿದ ಬೆರಳಿನ ಕೈಯಿಂದ ಹಿಡಿದಳು, ಹಿಡಿತ ನಿಂತಿತು. ಕೊಂಬೆಗಳು ಅಲ್ಲಾಡಿದ್ದು ಸ್ವಲ್ಪ ದೂರದ ತನಕ ಕಾಣುತ್ತಿತ್ತು. ಬಾಬಣ್ಣ ನೆಲ ನೋಡುತ್ತಾ ಬೋನಿನ ಹಗ್ಗ ಸುತ್ತತೊಡಗಿದ.

ಆಮೇಲೆ ಧಣಿಗಳಲ್ಲಿಗೆ ಬೇರೆ ಪ್ರಾಣಿಗಳು ಬಂದವು. ಕರೆಂಟು ತಾಗಿದ ಮುಸುವಗಳು, ತಾಯಿ ಸತ್ತ ಮರಿಗಳು. ಮುದುಕನಾಗುವ ತನಕ ಅದೇ ಕೆಲಸ ಮಾಡಿದೆ. ಯಾವುದಕ್ಕೂ ಹೆಸರಿಡಲಿಲ್ಲ, ಯಾವುದನ್ನೂ ಮಾತಿನಿಂದ ಕರೆಯಲಿಲ್ಲ. ತಗಡು ತಟ್ಟಿ ಕರೆದೆ. ತಗಡಿನ ಸದ್ದು ಕಾಡಿನಲ್ಲಿ ಯಾರೂ ಮಾಡುವುದಿಲ್ಲ. ನೀವೂ ಹಾಗೇ ಮಾಡಿ ಎಂದು ಹುಡುಗರಿಗೆ ಹೇಳುತ್ತೇನೆ.

ವರ್ಷಕ್ಕೊಮ್ಮೆಯಾದರೂ ನಾನು ಚಾರ್ಮಾಡಿಗೆ ಹೋಗುತ್ತಿದ್ದೆ. ಬಸ್ಸಿಳಿದು ಒಳದಾರಿ ಹಿಡಿದು ಆ ಮರಗಳ ಕೆಳಗೆ ನಿಲ್ಲುತ್ತಿದ್ದೆ. ಎರಡು ಮೂರು ಸಲ ಹಿಂಡು ಕಂಡಿತು. ಒಂದು ಸಲ ಎತ್ತರದ ಕೊಂಬೆಯಲ್ಲಿ ಒಂದು ಹೆಣ್ಣು, ಎದೆಗೆ ಮರಿ ಅಂಟಿಕೊಂಡದ್ದು, ನನ್ನ ಕಡೆ ಮೋರೆ ಮಾಡಿ ಕುಳಿತಿತ್ತು. ಬೆರಳು ಕಾಣುವಷ್ಟು ಹತ್ತಿರವಿರಲಿಲ್ಲ. ಒಂದು ಮಾತು ಹೇಳಿದ್ದರೆ ಗೊತ್ತಾಗುತ್ತಿತ್ತು. ಬಂದರೆ ನನ್ನ ಕೆಲಸ ಕೆಟ್ಟಿತು ಎಂದರ್ಥ. ಬಾರದಿದ್ದರೆ, ಅದು ಅವಳಲ್ಲದೆ ಇರಬಹುದು, ಅವಳೇ ಆಗಿಯೂ ಇರಬಹುದು. ಬಾಯಿಗೆ ಶಾಲು ಒತ್ತಿಕೊಂಡು, ಹಿಂಡು ದಾಟುವ ತನಕ ನಿಂತಿದ್ದು, ಬಸ್ಸಿಗೆ ಬಂದೆ.

ಗಿರಿಜ ಸಂತೆಗೆ ಹೊರಟಾಗ ಈಗಲೂ ಬಾಗಿಲಲ್ಲಿ ನಿಂತು ಕಾಯುತ್ತಾಳೆ. “ಹೇಳಿ” ಎನ್ನುತ್ತಾಳೆ. “ಪೋದು ಬಲೆ” ಎನ್ನುತ್ತೇನೆ. ಬರುತ್ತಾಳೆ.

ಈಗ ನನ್ನಲ್ಲಿ ಇರುವುದು ಇಷ್ಟು: ಹೆಂಚಿನ ಮನೆ ಒಂದು. ಹೆಂಡತಿ ಒಬ್ಬಳು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಬಂದು ಹೋಗುವಷ್ಟು ಹತ್ತಿರದಲ್ಲಿ. ಧಣಿಗಳು ಕೊಟ್ಟ ಕೊಡೆ ಒಂದು. ಕೈಬೆರಳು ಹತ್ತು, ಉಗುರು ಒಂಬತ್ತೂವರೆ. ಕರಿಯಕ್ಕ ಇದ್ದ ಮರದ ಗೊರಟಿನಿಂದ ಎಬ್ಬಿಸಿದ ಮಾವಿನ ಮರ ಒಂದು. ಅದರಲ್ಲಿ ಕೆಂಪಿರುವೆ ಉಂಟು. ಸುತ್ತ ಬಲೆ ಇಲ್ಲ.